ನೋಯದ ಕಿವಿ

ಸಕಲೇಶಪುರದಿಂದ ಹೊರಟು ದೋಣಿಗಾಲನ್ನು ಹಾದು ಶಿರಾಡಿ ಘಾಟಿಯನ್ನಿಳಿಯತೊಡಗಿದ ಬಸ್ಸಿನಲ್ಲಿ ಕುಳಿತವರಿಗೆ, ಮಾರನಹಳ್ಳಿ ಹಿಂದೆ ಸರಿದು ಕೆಂಪುಹೊಳೆಯ ಬದಿಯ ದಾರಿ ಸಿಕ್ಕುವಷ್ಟರಲ್ಲಿ, ಕಿವಿಯೊಳಗೆ ಏನೋ ಒತ್ತಿ ಹಿಡಿದಂತಾಗಿ, ಎಂಜಿನ್ನಿನ ಮೊರೆತವೂ ನೆರೆಯಲ್ಲಿ ಕುಳಿತವರ ಮಾತೂ ಒಮ್ಮೆಗೇ ದೂರ ಹೋದಂತೆ ತೋರುವುದು ಆ ದಾರಿಯಲ್ಲಿ ಓಡಾಡಿದ ಎಲ್ಲರ ಅನುಭವಕ್ಕೂ ಬಂದಿರತಕ್ಕ ಸಂಗತಿ. ಉಗುಳು ನುಂಗಿದರೆ, ಇಲ್ಲವೆ ಬಾಯ್ತೆರೆದು ಆಕಳಿಸಿದರೆ, ‘ಟಪ್’ ಎಂದು ಕಿವಿ ಬಿಟ್ಟುಕೊಳ್ಳುತ್ತದೆ. ಸದ್ದುಗಳೆಲ್ಲ ಮರಳಿ ತಮ್ಮ ತಮ್ಮ ಸ್ಥಾನಕ್ಕೆ ಬರುತ್ತವೆ. ಸಕಲೇಶಪುರ ಸಮುದ್ರಮಟ್ಟಕ್ಕಿಂತ ಸುಮಾರು 950 ಮೀಟರ್ ಎತ್ತರದಲ್ಲಿದ್ದು, ಗುಂಡ್ಯದ ತಗ್ಗನ್ನು ಸೇರುವ ಹೊತ್ತಿಗೆ ನಾವು 800 ಮೀಟರಿನಷ್ಟು ಇಳಿದಿರುತ್ತೇವಾದ ಕಾರಣ, ಸುತ್ತಣ ವಾಯುವಿನ ಒತ್ತಡವು ಅಷ್ಟರಲ್ಲಿ ಹೆಚ್ಚುಕಡಮೆ ಹತ್ತರಲ್ಲೊಂದು ಪಾಲಿನಷ್ಟು ಏರಿರುತ್ತದೆ. ಹೊರಗಿನ ಆ ಒತ್ತಡ ಕಿವಿತಮಟೆಯನ್ನು ಒಳಕ್ಕೆ ತಳ್ಳಿ ಬಿಗಿಯುತ್ತದೆ. ಬಿಗಿದ ತಮಟೆ ಸಲೀಸಾಗಿ ಕಂಪಿಸದು. ಸಕಲೇಶಪುರಕ್ಕೂ ಸುಬ್ರಹ್ಮಣ್ಯ ರಸ್ತೆ ನಿಲ್ದಾಣಕ್ಕೂ ನಡುವೆ 57 ಸುರಂಗಗಳನ್ನು ತೂರಿ, ಐವತ್ತು ಅಡಿಗೆ ಒಂದಡಿಯಂತೆ ಇಳಿಯುವ ರೈಲುಗಾಡಿಯಲ್ಲಿಯೂ ಇದೇ ಅನುಭವ. ಅಲ್ಲಿ ಕಂಕುಳ ಕೂಸು ಅಳತೊಡಗಿದರೆ ಕತ್ತಲೆಗೆ ಹೆದರಿತೆಂದು ತಾಯಿ ಭಾವಿಸುವಳಾದರೂ, ಅಳುವಿನ ಕಾರಣ ಎಷ್ಟೋ ವೇಳೆ ಕಿವಿಯಲ್ಲಿರುತ್ತದೆ. ಅಳುವೇ ಅದಕ್ಕೆ ಔಷಧವೂ ಹೌದು. ಅಳುವಾಗಲೂ ಮೊಲೆಹಾಲು ನುಂಗುವಾಗಲೂ ಗಂಟಲಿನ ಸ್ನಾಯುಗಳು ಆಡಿ, ಮುಚ್ಚಿಕೊಂಡಿದ್ದ ಒಂದು ಸಣ್ಣ ನಾಳ ತೆರೆದುಕೊಳ್ಳುತ್ತದೆ.

ಈ ಅಧ್ಯಾಯದ ವಿಷಯವೆಲ್ಲ ಆ ನಾಳವನ್ನು ಅವಲಂಬಿಸಿದೆ. ಕಿವಿತಮಟೆಯ ಹಿಂದೆ, ಒಂದೆರಡು ಮಿಲಿಲೀಟರಿಗಿಂತ ಹೆಚ್ಚು ಗಾಳಿ ಹಿಡಿಯದ ಒಂದು ಪುಟ್ಟ ಗವಿಯುಂಟು. ಮಧ್ಯಕರ್ಣವೆಂದು ಅದಕ್ಕೆ ಹೆಸರು. ಅದರಿಂದ ಹೊರಟು ಮೂಗಿನ ಹಿಂಬದಿಯಲ್ಲಿ, ಗಂಟಲ ಮೇಲ್ಭಾಗದಲ್ಲಿ ತೆರೆದುಕೊಳ್ಳುವ ಮೂರೂವರೆ ಸೆಂಟಿಮೀಟರ್ ಉದ್ದದ ಈ ದಾರಿಯನ್ನು ಹದಿನಾರನೆಯ ಶತಮಾನದಲ್ಲಿ ಇಟಲಿಯ ಅಂಗರಚನಾಶಾಸ್ತ್ರಜ್ಞ ಯೂಸ್ಟಾಕಿ ವಿವರಿಸಿ ಬರೆದುದರಿಂದ ಅದು ಯೂಸ್ಟೇಶಿಯನ್ ನಾಳವೆನಿಸಿಕೊಂಡಿತು. ಅದು ಸದಾಕಾಲ ತೆರೆದಿರುತ್ತದೆಂದು ಬಹುಕಾಲ ನಂಬಿದ್ದರು. ಸಹಜಸ್ಥಿತಿಯಲ್ಲಿ ಅದು ಮುಚ್ಚಿಯೇ ಇರುತ್ತದೆಂದೂ ನುಂಗುವ ಕ್ಷಣದಲ್ಲಿ ಮಾತ್ರ ತೆರೆಯುತ್ತದೆಂದೂ ತೋರಿಸಿಕೊಟ್ಟವನು ಲಂಡನ್ನಿನ ಜೋಸೆಫ್ ಟಾಯ್ನ್‌ಬಿ. ಸುಮಾರು 2000 ಕಿವಿಗಳನ್ನು ಕೊಯ್ದು ಪರೀಕ್ಷಿಸಿದ ಈ ಮನುಷ್ಯ, ಕಿವಿಯೊಳಗಿನ ಗುಂಯ್‌ಗುಡುವಿಕೆಗೆ ಮದ್ದು ಹುಡುಕುವ ಹಂಬಲದಲ್ಲಿ ವಿಷಯುಕ್ತ ಆವಿಯನ್ನು ತನ್ನ ಮೇಲೆಯೇ ಪ್ರಯೋಗಿಸಿಕೊಂಡು 1866ರಲ್ಲಿ ಪ್ರಾಣ ಬಿಟ್ಟನು. ಅವನಿಗಿಂತ ಒಂದೂವರೆ ಶತಮಾನದಷ್ಟು ಹಿಂದೆ, 1724ರಲ್ಲಿ, ಫ್ರಾನ್ಸಿನ ವರ್ಸೈಲ್ಸ್ ನಗರದ ಗ್ಯೂಯೊ ಎಂಬ ಪೋಸ್ಟ್‌ಮಾಸ್ಟರನೊಬ್ಬ ತನ್ನ ಕಿವುಡಿಗೆ ವೈದ್ಯರಿಂದ ಪರಿಹಾರ ಸಿಕ್ಕದೆ ಬೇಸತ್ತು, ಬಾಯಿಯ ಮೂಲಕ ಬಾಗಿದ ಕೊಳವೆಯೊಂದನ್ನು ತೂರಿಸಿ ಈ ನಾಳವನ್ನು ತಾನೇ ತೊಳೆದುಕೊಂಡನಂತೆ. ಪ್ಯಾರಿಸಿನ ವಿದ್ವತ್ಸಭೆ ಅದನ್ನು ಕೇಳಿ ವಿಸ್ಮಯಪಟ್ಟಿತೇ ಹೊರತು ವೈದ್ಯರು ಆ ಉಪಾಯವನ್ನು ಕೈಗೆತ್ತಿಕೊಳ್ಳಲು ಇನ್ನೂ ಕೆಲವು ಕಾಲ ಹಿಡಿಯಿತು. ವೈದ್ಯರಲ್ಲದವರ ಮಾತಿಗೆ ವೈದ್ಯರು ಬೆಲೆ ಕೊಡುವುದು ಯಾವ ದೇಶದಲ್ಲಿಯೂ ತಡವಾಗಿಯೇ.

ಗವಿಯಲ್ಲಿ ಗಾಳಿಯೇ ಏಕಿರಬೇಕು ಎಂಬುದನ್ನು ತಿಳಿಯಲು ಹೇಮಾವತಿ ಹೊಳೆಯಲ್ಲಿ ಒಮ್ಮೆ ತಲೆ ಮುಳುಗಿಸಿದರೆ ಸಾಕು. ದಡದ ಮೇಲೆ ನಿಂತವರು ಕೂಗಿ ಕರೆದರೂ ನೀರೊಳಗಿದ್ದವನಿಗೆ ಏನೂ ತಿಳಿಯದು. ಏಕೆಂದರೆ ಗಾಳಿಯಲ್ಲಿ ಬಂದ ಶಬ್ದತರಂಗವು ನೀರಿನ ಮೇಲ್ಮೈಗೆ ತಗುಲಿದೊಡನೆ ಅದರ ಶಕ್ತಿಯ ಸಾವಿರದಲ್ಲೊಂದು ಪಾಲು ಮಾತ್ರ ಒಳಹೊಕ್ಕು ಉಳಿದುದೆಲ್ಲ ಹಿಂದಿರುಗಿಬಿಡುತ್ತದೆ. ಮಧ್ಯಕರ್ಣದಾಚೆಗಿರುವ ನಮ್ಮ ಅಂತಃಕರ್ಣವೂ ದ್ರವದಿಂದ ತುಂಬಿದ್ದೇ. ಹಾಗಾದರೆ ಗಾಳಿಯಲ್ಲಿ ಆಡಿದ ಮಾತು ಆ ದ್ರವವನ್ನು ಅಲುಗಿಸುವುದು ಹೇಗೆ? ಈ ಕೆಲಸಕ್ಕಾಗಿಯೇ ಪ್ರಕೃತಿ ತಮಟೆಗೂ ಅಂತಃಕರ್ಣಕ್ಕೂ ನಡುವೆ ಸುತ್ತಿಗೆ, ಅಡಿಗಲ್ಲು, ರಿಕಾಪು ಎಂಬ ಮೂರು ಕಿರುಮೂಳೆಗಳನ್ನು ಜೋಡಿಸಿಟ್ಟಿದೆ; ಕೊನೆಯದಾದ ರಿಕಾಪು ಮೂರು ಮಿಲಿಮೀಟರಿನಷ್ಟಿದ್ದು, ಮಾನವದೇಹದ ಮೂಳೆಗಳಲ್ಲೆಲ್ಲ ಅತಿ ಚಿಕ್ಕದು. ತಮಟೆಯ ಕಂಪಿಸುವ ವಿಸ್ತೀರ್ಣವು ರಿಕಾಪಿನ ಪಾದದ ವಿಸ್ತೀರ್ಣಕ್ಕಿಂತ ಸುಮಾರು 17 ಪಟ್ಟು ಹೆಚ್ಚಾದುದರಿಂದಲೂ, ಮೂಳೆಗಳು ಸನ್ನೆಯ ತತ್ತ್ವದಿಂದ ಇನ್ನಷ್ಟು ಬಲ ಕೂಡಿಸುವುದರಿಂದಲೂ, ತಮಟೆಯ ಮೇಲೆ ಬಿದ್ದ ಒತ್ತಡ ಅಂತಃಕರ್ಣದ ಬಾಗಿಲಿಗೆ ಮುಟ್ಟುವಾಗ ಇಪ್ಪತ್ತು ಪಟ್ಟಿಗೂ ಮೇಲಾಗಿ ಬೆಳೆದಿರುತ್ತದೆ. ಇಷ್ಟೂ ಸರಿಯಾಗಿ ನಡೆಯಲು ಇರತಕ್ಕ ನಿಬಂಧನೆ ಒಂದೇ: ತಮಟೆಯ ಒಳಮಗ್ಗುಲಲ್ಲಿಯೂ ಹೊರಮಗ್ಗುಲಲ್ಲಿಯೂ ಸಮಾನ ಒತ್ತಡದ ಗಾಳಿಯಿರಬೇಕು. ಮಧ್ಯಕರ್ಣದ ಒಳಪದರವು ಅಲ್ಲಿರುವ ಗಾಳಿಯನ್ನು ಸದಾ ಸ್ವಲ್ಪಸ್ವಲ್ಪವಾಗಿ ಹೀರಿಕೊಳ್ಳುತ್ತಲೇ ಇರುತ್ತದಾದ್ದರಿಂದ, ನಾವು ನುಂಗಿದಾಗಲೆಲ್ಲ ಆ ನಾಳ ತೆರೆದು ಹೊಸ ಗಾಳಿಯನ್ನು ತುಂಬದಿದ್ದರೆ ನಡೆಯದು.

ಘಾಟಿಯಲ್ಲಿ ಕಿವಿ ಕಟ್ಟಿದವನಿಗೆ ಒಂದು ಗುಟುಕಿನಲ್ಲಿ ಬಿಡುಗಡೆಯುಂಟು; ನೆಗಡಿಯಾದ ಮಗುವಿಗೆ ಅದಿಲ್ಲ. ಬೆಳೆದವರಲ್ಲಿ ಈ ನಾಳ ಉದ್ದವಾಗಿ ಓರೆಯಾಗಿ ಇಳಿದಿದ್ದರೆ, ಶಿಶುಗಳಲ್ಲಿ ಅದು ಗಿಡ್ಡ, ಸಡಿಲ, ಮತ್ತು ಬಹುಮಟ್ಟಿಗೆ ಅಡ್ಡಡ್ಡ. ಮೂಗಿನ ಸಿಂಬಳವೂ ಅದರೊಳಗಿನ ರೋಗಾಣುಗಳೂ ಮೇಲಕ್ಕೆ ಹತ್ತಿಬರಲು ಬಹಳ ಶ್ರಮವಿಲ್ಲ. ಮೂಗಿನ ಹಿಂದಿರುವ ಅಡಿನಾಯ್ಡ್ ಎಂಬ ಗ್ರಂಥಿ ಮಕ್ಕಳಲ್ಲಿ ಊದಿಕೊಂಡಿದ್ದರೆ ನಾಳದ ಬಾಯಿಯೇ ಮುಚ್ಚಿಹೋಗುತ್ತದೆ. ಮಲೆನಾಡಿನ ಮಳೆಗಾಲವೋ ಈ ಎಲ್ಲ ಕಾರಣಗಳನ್ನು ಒಂದೆಡೆ ಸೇರಿಸುವ ಕಾಲ. ಮೃಗಶಿರೆಯಿಂದ ಮೊದಲ್ಗೊಂಡು ಆಶ್ಲೇಷೆಯವರೆಗೆ ಹೆತ್ತೂರು, ಯಸಳೂರು, ಹಾನಬಾಳುಗಳ ಕಡೆ ಬಿಡುವಿಲ್ಲದೆ ಸುರಿಯುವಾಗ, ತೋಟದ ಲೈನ್‌ಮನೆಗಳಲ್ಲಿ ಒಂದೇ ಕೋಣೆಯೊಳಗೆ ಐದಾರು ಜನ ಬಾಗಿಲು ಹಾಕಿಕೊಂಡು, ಹಸಿ ಸೌದೆಯ ಹೊಗೆಯ ನಡುವೆ, ಒಣಗದ ಬಟ್ಟೆಗಳ ಕೆಳಗೆ ಮಲಗಬೇಕಾದಾಗ, ಒಬ್ಬರ ನೆಗಡಿ ಮನೆಮಂದಿಗೆಲ್ಲ ಹಬ್ಬುವುದು ಅನಿವಾರ್ಯ. ಒಲೆಯ ಹೊಗೆಯಾಗಲಿ ಬೀಡಿಯ ಹೊಗೆಯಾಗಲಿ ನಾಳದ ಒಳಪದರದ ಸೂಕ್ಷ್ಮ ರೋಮಗಳನ್ನು ನಿಷ್ಕ್ರಿಯಗೊಳಿಸುತ್ತದೆ. ಕೊಳೆಯನ್ನು ಗಂಟಲಿನತ್ತ ಗುಡಿಸಿ ಹಾಕುವುದು ಆ ರೋಮಗಳ ಕೆಲಸವಾಗಿತ್ತು. ಅಂಗಾತ ಮಲಗಿಸಿ ಬಾಟಲಿಯಲ್ಲಿ ಹಾಲುಣಿಸಿದರೆ ಹಾಲು ನಾಳದ ಬಾಯಿಗೆ ಹೋಗುವುದೂ ಉಂಟು. ಮೊಲೆಹಾಲು ಕುಡಿದ ಮಕ್ಕಳಲ್ಲಿ ಈ ಸೋಂಕು ಕಡಮೆಯೆಂಬುದು ಅನೇಕ ದೇಶಗಳಲ್ಲಿ ಪದೇ ಪದೇ ಕಂಡುಬಂದಿರುವ ಸತ್ಯ.

ಸೋಂಕು ಹತ್ತಿದ ಕಿವಿ ಸಾಮಾನ್ಯವಾಗಿ ನಟ್ಟಿರುಳಿನಲ್ಲಿಯೇ ಸಿಡಿಯತೊಡಗುತ್ತದೆ, ಮಲಗಿದಾಗ ಅಲ್ಲಿನ ಒತ್ತಡ ಹೆಚ್ಚುವುದರಿಂದ. ಆ ಹೊತ್ತಿನಲ್ಲಿ ಕಿವಿದರ್ಶಕದ ದೀಪ ಹಿಡಿದು ನೋಡಿದ ವೈದ್ಯನಿಗೆ ಕಾಣುವ ದೃಶ್ಯವೇ ಬೇರೆ. ಆರೋಗ್ಯವಾದ ತಮಟೆಯು ಒಂದು ಸೆಂಟಿಮೀಟರಿಗಿಂತ ಕೊಂಚ ಕಡಮೆ ಅಗಲದ, ಒಂದು ಮಿಲಿಮೀಟರಿನ ಹತ್ತರಲ್ಲೊಂದು ಪಾಲು ದಪ್ಪದ, ಮುತ್ತಿನ ಬೂದುಬಣ್ಣದ ಪೊರೆ. ಸುತ್ತಿಗೆಯ ಹಿಡಿ ಅದರಾಚೆಯಿಂದ ಬಿಳಿಯ ಗೆರೆಯಾಗಿ ತೋರುತ್ತದೆ, ಅದರ ತುದಿಯಿಂದ ಕೆಳಗೆ ಮುಂಬದಿಗೆ ತ್ರಿಕೋಣಾಕಾರದ ಒಂದು ಬೆಳಕಿನ ಹೊಳಪು ಬಿದ್ದಿರುತ್ತದೆ. ಸೋಂಕಿನಲ್ಲಿ ಆ ಹೊಳಪು ಅಳಿದು, ಗೆರೆ ಮುಚ್ಚಿಹೋಗಿ, ಪೊರೆಯೆಲ್ಲ ಕೆಂಪಾಗಿ ಹೊರಕ್ಕುಬ್ಬಿರುತ್ತದೆ. ಒಳಗೆ ತುಂಬಿದ ಕೀವು ಕೆಲವೊಮ್ಮೆ ತಮಟೆಯನ್ನು ಹರಿದು ಹೊರಬೀಳುತ್ತದೆ. ದಿಂಬಿನ ಮೇಲೆ ಹಳದಿಯ ಕಲೆ ಕಾಣಿಸುತ್ತದೆ, ನೋವು ಅಲ್ಲಿಗೇ ನಿಲ್ಲುತ್ತದೆ, ಮಗು ನಿದ್ರೆ ಹೋಗುತ್ತದೆ. ಹೀಗೆ ಹರಿದ ರಂಧ್ರ ಬಹುಪಾಲು ಕೆಲವು ದಿನಗಳಲ್ಲಿ ತಾನಾಗಿ ಕೂಡಿಕೊಳ್ಳುತ್ತದೆ. ಪ್ರತಿಯೊಂದು ಕಿವಿನೋವಿಗೂ ಪ್ರತಿಜೀವಕ ಔಷಧ ಬೇಕೆಂದಿಲ್ಲ. ಮಗುವಿನ ವಯಸ್ಸನ್ನೂ ಜ್ವರದ ತೀವ್ರತೆಯನ್ನೂ ನೋಡಿ ವೈದ್ಯನು ನಿರ್ಧರಿಸತಕ್ಕ ಮಾತು ಅದು.

ಆದರೆ ವೈದ್ಯನ ಬಳಿಗೆ ಹೋಗುವ ಮೊದಲೇ ಅಜ್ಜಿಯ ಚಿಕಿತ್ಸೆ ನಡೆದಿರುತ್ತದೆ. ಸೌಟಿನಲ್ಲಿ ಕೊಬ್ಬರಿ ಎಣ್ಣೆ ಹಾಕಿ, ಜಜ್ಜಿದ ಬೆಳ್ಳುಳ್ಳಿಯ ಎಸಳೆರಡನ್ನು ಅದರೊಳಗೆ ಬಿಟ್ಟು, ಕೆಂಡದ ಮೇಲೆ ಹಿಡಿದು, ಎಸಳು ಕೆಂಪಾದ ಮೇಲೆ ಬೆರಳ ತುದಿಯಿಂದ ಬಿಸಿ ನೋಡಿ, ಮಗುವನ್ನು ತೊಡೆಯ ಮೇಲೆ ಓರೆಯಾಗಿ ಮಲಗಿಸಿಕೊಂಡು ನಾಲ್ಕು ತೊಟ್ಟು ಬಿಡುವ ಆ ಕೈಗಳಲ್ಲಿರುವ ವಾತ್ಸಲ್ಯವನ್ನು ಹಳಿಯುವ ಇಚ್ಛೆ ನನಗಿಲ್ಲ. ಬಿಸಿಯ ಹಿತದಿಂದ ನೋವು ಕ್ಷಣಕಾಲ ಮರೆತಂತಾಗುವುದೂ ಸುಳ್ಳಲ್ಲ. ಆದರೂ ಎಣ್ಣೆ ತಮಟೆಯ ಹೊರಗೇ ನಿಲ್ಲುತ್ತದೆ. ರೋಗವಿರುವುದು ಅದರ ಒಳಗೆ. ತಮಟೆ ಆಗಲೇ ತೂತಾಗಿದ್ದರಂತೂ ಎಣ್ಣೆಯ ಜೊತೆ ಹೊರಗಿನ ಕೊಳೆಯೂ ಗವಿಯನ್ನು ಹೊಗುತ್ತದೆ. ಚರ್ಮದ ಚಪ್ಪಲಿಗೂ ಕಪಾಟಿನ ಪುಸ್ತಕಕ್ಕೂ ಬೂಷ್ಟು ಹಿಡಿಯುವ ಈ ಸೀಮೆಯ ಆರ್ದ್ರತೆಯಲ್ಲಿ, ಎಣ್ಣೆಯಿಂದ ತೊಯ್ದ ಕಿವಿಗೂ ಬೂಷ್ಟು ಹಿಡಿಯುತ್ತದೆಂಬುದನ್ನು ಇಲ್ಲಿನ ವೈದ್ಯರು ಬಲ್ಲರು. ಕಿವಿಯೊಳಗೆ ಕರಿಚುಕ್ಕೆಗಳಿಂದ ಕೂಡಿದ ಒದ್ದೆ ಕಾಗದದಂಥ ಪೊರೆಯಾಗಿ ಅದು ಕಾಣುತ್ತದೆ. ಆದಕಾರಣ ನೋಯುವ ಕಿವಿಗೆ ಎಣ್ಣೆ ಬೇಡ, ಬೆಂಕಿಕಡ್ಡಿ ಬೇಡ, ಕೋಳಿಪುಕ್ಕವೂ ಬೇಡ.

ಇಷ್ಟಾದರೂ ನೋಯುವ ಕಿವಿ ನನ್ನ ಮುಖ್ಯ ಚಿಂತೆಯಲ್ಲ. ನೋವಿಗೆ ನಾಲಗೆಯುಂಟು, ಅದು ಕೂಗಿ ಎಬ್ಬಿಸಿ ಮನೆಯವರನ್ನು ಆಸ್ಪತ್ರೆಗೆ ಎಳೆದುಕೊಂಡು ಹೋಗುತ್ತದೆ. ಶ್ರವಣಶಕ್ತಿಯನ್ನು ಸದ್ದಿಲ್ಲದೆ ಕಿತ್ತುಕೊಳ್ಳುವುದು ನೋಯದ ಕಿವಿ. ಜ್ವರ ಇಳಿದು ನೋವು ಹೋದ ತರುವಾಯವೂ ಮಧ್ಯಕರ್ಣದ ದ್ರವ ಒಡನೆಯೇ ಬತ್ತಿಹೋಗುವುದಿಲ್ಲ. ತೀವ್ರ ಸೋಂಕು ತಗುಲಿದ ಮಕ್ಕಳಲ್ಲಿ ಒಂದು ತಿಂಗಳ ಬಳಿಕ ನೂರಕ್ಕೆ ನಲವತ್ತರಷ್ಟು ಮಂದಿಯಲ್ಲಿಯೂ, ಮೂರು ತಿಂಗಳ ಬಳಿಕ ನೂರಕ್ಕೆ ಹತ್ತರಷ್ಟು ಮಂದಿಯಲ್ಲಿಯೂ ಅದು ಉಳಿದಿರುತ್ತದೆಂದು ಅಮೆರಿಕದ ಬಾಸ್ಟನ್ ನಗರದ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದ ವೈದ್ಯರು ಕಂಡುಕೊಂಡಿದ್ದಾರೆ. ಎಷ್ಟೋ ಮಕ್ಕಳಲ್ಲಿ ತೀವ್ರ ಸೋಂಕೇ ಆಗದೆ, ಕೇವಲ ನಾಳ ಮುಚ್ಚಿಕೊಂಡದ್ದರಿಂದ, ಒಳಗಿನ ಗಾಳಿ ಇಂಗಿ, ಆ ನಿರ್ವಾತವನ್ನು ತುಂಬಲು ಪದರದಿಂದಲೇ ನೀರು ಒಸರಿ ಸೇರುತ್ತದೆ. ಮೊದಮೊದಲು ತೆಳುವಾಗಿದ್ದ ಆ ನೀರು ದಿನ ಕಳೆದಂತೆ ಹಲಸಿನ ಮೇಣದ ಹಾಗೆ ಅಂಟಂಟಾಗಿ, ಮೂರು ಕಿರುಮೂಳೆಗಳನ್ನೂ ಸುತ್ತಿ ಹಿಡಿಯುತ್ತದೆ. ಕಿವಿ ಸೋರುವುದಿಲ್ಲ, ನೋಯುವುದಿಲ್ಲ, ಜ್ವರವಿಲ್ಲ. ಹೊರಗಿನಿಂದ ನೋಡಿದರೆ ಏನೂ ಇಲ್ಲ. ದರ್ಶಕದಲ್ಲಿ ಮಾತ್ರ ತಮಟೆ ಮಂಕಾಗಿ, ಜೇನಿನ ಬಣ್ಣಕ್ಕೆ ತಿರುಗಿ, ಒಮ್ಮೊಮ್ಮೆ ಒಂದೆರಡು ಗಾಳಿಗುಳ್ಳೆಗಳನ್ನು ತೋರುತ್ತದೆ.

ಇಂಥ ಕಿವಿಯಲ್ಲಿ ಶ್ರವಣದ ನಷ್ಟ ಸಾಧಾರಣವಾಗಿ 25 ರಿಂದ 30 ಡೆಸಿಬೆಲ್. ಅಂಕಿ ಸಣ್ಣದೆಂದು ತೋರಬಹುದು. ಎದುರು ಕುಳಿತವನೊಬ್ಬ ಆಡುವ ಸಹಜವಾದ ಮಾತು ಸುಮಾರು 60 ಡೆಸಿಬೆಲ್ ಇರುತ್ತದೆಯಷ್ಟೆ. ಅದರಲ್ಲಿ 30 ಕಳೆದರೆ ಉಳಿಯುವುದು ಪಿಸುಮಾತು. ಹತ್ತಿರ ಕೂರಿಸಿಕೊಂಡು ಮುಖ ನೋಡಿ ಮಾತಾಡಿಸುವ ತಾಯಿಗೆ ಮಗು ಸರಿಯಾಗಿಯೇ ಉತ್ತರ ಕೊಡುತ್ತದೆ; ಹೀಗಾಗಿ ಅದು ಕಿವುಡೆಂದರೆ ಆಕೆ ನಂಬಳು. ಪರೀಕ್ಷೆ ನಡೆಯುವುದು ಶಾಲೆಯಲ್ಲಿ. ಶಾಲೆಯ ಬಾಗಿಲು ತೆರೆಯುವುದೂ ಮೃಗಶಿರೆ ಮಳೆ ಹಿಡಿಯುವುದೂ ಮಲೆನಾಡಿನಲ್ಲಿ ಒಂದೇ ಕಾಲಕ್ಕೆ. ಶಾಲೆಯ ಮಾಡಿಗೆ ಹಿಂದೆ ಮಂಗಳೂರು ಹೆಂಚು, ಈಗ ಎಷ್ಟೋ ಕಡೆ ತಗಡಿನ ಶೀಟು. ಅದರ ಮೇಲೆ ಮಳೆ ಅಪ್ಪಳಿಸುವಾಗ ನೆಟ್ಟಗಿನ ಕಿವಿಯುಳ್ಳವರಿಗೇ ಹಿಂದಿನ ಬೆಂಚಿನಲ್ಲಿ ಮೇಷ್ಟರ ಮಾತು ಅರ್ಧ ಕೇಳಿಸಿದರೆ ಹೆಚ್ಚು. ಕಿವಿಯಲ್ಲಿ ನೀರು ತುಂಬಿಕೊಂಡ ಮಗುವಿಗೆ ಅಲ್ಲಿ ತಲುಪುವುದು ಸ್ವರಗಳ ಏರಿಳಿತ ಮಾತ್ರ. ಏಕೆಂದರೆ ನಮ್ಮ ಮಾತಿನಲ್ಲಿ ಸ್ವರಗಳು ಬಲವಾದುವು, ವ್ಯಂಜನಗಳು ದುರ್ಬಲ. ಕ, ತ, ಪ, ಸ ಮೊದಲಾದುವು ಎಲ್ಲಕ್ಕಿಂತ ಕ್ಷೀಣ. ಶಬ್ದ ತಗ್ಗಿದಾಗ ಮೊದಲು ಅಳಿಯುವುದು ಅವೇ. ಉಕ್ತಲೇಖನದಲ್ಲಿ ‘ಕತ್ತೆ’ ಎಂದದ್ದನ್ನು ‘ಕಪ್ಪೆ’ ಎಂದು ಬರೆದ ಹುಡುಗನನ್ನು ಕಂಡು ತರಗತಿಯೆಲ್ಲ ನಗುತ್ತದೆ. ಎರಡರಲ್ಲಿಯೂ ಸ್ವರಗಳೊಂದೇ, ನಡುವಣ ಒತ್ತಕ್ಷರವಷ್ಟೇ ಬೇರೆ ಎಂಬುದನ್ನು ಯಾರೂ ಗಮನಿಸುವುದಿಲ್ಲ. ಲಿಂಗವಚನಗಳನ್ನೂ ವಿಭಕ್ತಿಯನ್ನೂ ಪದದ ಕೊನೆಯಲ್ಲಿ ಇಟ್ಟು, ಆ ಕೊನೆಯನ್ನೇ ಮೆಲ್ಲಗೆ ಉಚ್ಚರಿಸುವ ಭಾಷೆ ನಮ್ಮದು. ‘ಬಂದನು’, ‘ಬಂದಳು’ಗಳ ಭೇದ ಒಂದು ಕ್ಷೀಣವಾದ ಅಕ್ಷರದಲ್ಲಿದೆ.

“ಏನ್ ಹೇಳಿದ್ರೂ ಕಿವಿಗೇ ಹಾಕ್ಕಳಲ್ಲ” ಎಂಬುದು ಇಂಥ ಮಗುವಿನ ಮೇಲೆ ಬರುವ ಮೊದಲ ದೂರು. ಮಂಕ, ತುಂಟ, ಸೋಮಾರಿ ಎಂಬ ಬಿರುದುಗಳು ಅನಂತರ. ಮಗುವಾದರೋ ತನಗೆ ಕೇಳಿಸದೆಂದು ಹೇಳಲಾರದು. ಪೂರ್ಣವಾಗಿ ಕೇಳಿಸುವುದೆಂದರೆ ಹೇಗಿರುತ್ತದೆಂಬುದು ಅದಕ್ಕೆ ಮರೆತೇ ಹೋಗಿರುತ್ತದೆ. ಇದರಲ್ಲಿ ಇನ್ನೊಂದು ತೊಡಕೂ ಇದೆ. ನಷ್ಟ ಒಂದೇ ಸಮನಾಗಿರದೆ ಏರಿಳಿಯುತ್ತದೆ: ನೆಗಡಿ ಬಿಟ್ಟ ವಾರ ಚೆನ್ನಾಗಿ ಕೇಳಿಸಿ, ಮತ್ತೆ ಮಳೆ ಹಿಡಿದ ವಾರ ಮಸುಳುತ್ತದೆ. ನೆನ್ನೆ ಉತ್ತರ ಹೇಳಿದ ಹುಡುಗ ಇಂದು ಸುಮ್ಮನೆ ನಿಂತರೆ ಅದನ್ನು ಹಠವೆಂದೇ ಯಾವ ಉಪಾಧ್ಯಾಯನೂ ತಿಳಿದಾನು. ಈ ಬಗೆಯ ನಷ್ಟದಿಂದ ಭಾಷಾಜ್ಞಾನ ಶಾಶ್ವತವಾಗಿ ಕುಂಠಿತವಾಗುವುದೇ ಎಂಬ ವಿಷಯದಲ್ಲಿ ತಜ್ಞರಲ್ಲಿ ಅಭಿಪ್ರಾಯಭೇದವುಂಟು. ಒಳ್ಳೆಯ ಮನೆಯ ಆರೈಕೆಯಿದ್ದ ಹೆಚ್ಚಿನ ಮಕ್ಕಳು ಕಾಲಕ್ರಮದಲ್ಲಿ ಸರಿದೂಗಿಸಿಕೊಳ್ಳುತ್ತಾರೆಂದು ಅನೇಕರು ಹೇಳುತ್ತಾರೆ. ನನಗೂ ಅದು ಸರಿಯೆಂದೇ ತೋರುತ್ತದೆ. ಆದರೆ ಅಕ್ಷರ ಕಲಿಯುವ ವಯಸ್ಸಿನಲ್ಲಿ, ಮಳೆಯ ಸದ್ದಿನ ಕೆಳಗೆ, ಮನೆಯಲ್ಲಿ ಒಂದು ಭಾಷೆ ಶಾಲೆಯಲ್ಲಿ ಇನ್ನೊಂದು ಭಾಷೆಯಾಗಿ ಬೆಳೆಯುವ ತೋಟದ ಕೂಲಿಯವರ ಮಗುವಿಗೆ ಆ ಭರವಸೆಯನ್ನು ಧಾರಾಳವಾಗಿ ಕೊಡಲು ಮನಸ್ಸೊಪ್ಪದು.

ಒಂದೇ ಕಿವಿ ಕೆಟ್ಟರೆ ಮಾತು ಕೇಳಿಸೀತು, ದಿಕ್ಕು ತಿಳಿಯದು. ಶಬ್ದ ಯಾವ ಕಡೆಯಿಂದ ಬಂತೆಂಬುದನ್ನು ಮಿದುಳು ನಿರ್ಣಯಿಸುವುದು, ಅದು ಎರಡು ಕಿವಿಗಳಿಗೆ ತಲುಪುವ ಹೊತ್ತಿನಲ್ಲಿರುವ ವ್ಯತ್ಯಾಸದಿಂದಲೂ ಬಲದಲ್ಲಿರುವ ವ್ಯತ್ಯಾಸದಿಂದಲೂ. ಆ ಹೊತ್ತಿನ ವ್ಯತ್ಯಾಸ ಹೆಚ್ಚೆಂದರೆ ಒಂದು ಸೆಕೆಂಡನ್ನು ಹತ್ತು ಸಾವಿರ ಪಾಲು ಮಾಡಿದರೆ ಅದರಲ್ಲಿ ಆರೇಳು ಪಾಲು. ಪಟ್ಟಣದಲ್ಲಿ ಇದು ರಸ್ತೆ ದಾಟುವವನ ಚಿಂತೆ. ಆಲೂರು, ಸಕಲೇಶಪುರಗಳ ಕಾಫಿತೋಟಗಳಲ್ಲಿ ಕಾಡಾನೆಯ ಹಿಂಡು ಹಗಲಲ್ಲಿಯೇ ಸುಳಿದಾಡುವ ದಿನಗಳಲ್ಲಿ, ಬೈನೆಮರ ಸಿಗಿಯುವ ಸದ್ದು ಎಡದಿಂದ ಬಂತೋ ಬಲದಿಂದ ಬಂತೋ ಎಂದು ತಿಳಿಯದವನು ತೋಟದ ಕಾಲುದಾರಿಯಲ್ಲಿ ನಡೆಯುವುದು ಬೇರೆಯೇ ಬಗೆಯ ಅಪಾಯ.

ನೋಯದ ಕಿವಿಗಳಲ್ಲಿ ಇನ್ನೊಂದು ಜಾತಿ, ಸೋರುವ ಕಿವಿ. ಹರಿದ ತಮಟೆ ಕೂಡಿಕೊಳ್ಳದೆ ಉಳಿದು, ವಾರಗಟ್ಟಲೆ, ವರ್ಷಗಟ್ಟಲೆ ಕೀವು ಸುರಿಯುವ ಈ ರೋಗವನ್ನು ನಮ್ಮ ಪೂರ್ವಿಕರು ಚೆನ್ನಾಗಿ ಬಲ್ಲವರಾಗಿದ್ದರು. ಸುಶ್ರುತನು ಎಣಿಸಿದ 28 ಕರ್ಣರೋಗಗಳಲ್ಲಿ ಕರ್ಣಸ್ರಾವವೂ ದುರ್ಗಂಧದ ಪೂತಿಕರ್ಣವೂ ಬಾಧಿರ್ಯವೂ ಸೇರಿವೆ. ಜಗತ್ತಿನಲ್ಲಿ ಆರೂವರೆ ಕೋಟಿಯಿಂದ 33 ಕೋಟಿಯವರೆಗೆ ಜನರಿಗೆ ಕಿವಿ ಸೋರುತ್ತಿರಬಹುದೆಂದೂ, ಅವರಲ್ಲಿ ನೂರಕ್ಕೆ ಅರವತ್ತು ಮಂದಿಗೆ ಗಣನೀಯವಾದ ಶ್ರವಣದೋಷವಿರುತ್ತದೆಂದೂ ವಿಶ್ವ ಆರೋಗ್ಯ ಸಂಸ್ಥೆ 2004ರಲ್ಲಿ ಅಂದಾಜು ಮಾಡಿತು. ಅಂದಾಜಿನ ಎರಡು ತುದಿಗಳ ನಡುವೆ ಇಷ್ಟೊಂದು ಅಂತರವಿರುವುದೇ, ಈ ರೋಗವನ್ನು ಎಣಿಸುವವರೂ ಕಡಮೆ ಎಂಬುದಕ್ಕೆ ಸಾಕ್ಷಿ. ತಲೆಯ ಕೆಟ್ಟ ನೀರು ಹೋಗುತ್ತಿದೆ, ನಿಲ್ಲಿಸಿದರೆ ಮಿದುಳಿಗೆ ಏರೀತು, ದೊಡ್ಡವನಾದ ಮೇಲೆ ತಾನೇ ನಿಂತೀತು ಎಂಬ ನಂಬಿಕೆಯಿಂದ ಹತ್ತಿಯುಂಡೆ ತುರುಕಿ ಸುಮ್ಮನಿರುವವರು ಇಂದಿಗೂ ಇದ್ದಾರೆ. ಸತ್ಯ ಇದಕ್ಕೆ ನೇರ ವಿರುದ್ಧ. ತಮಟೆಯ ನಡುವೆ ತೂತಿದ್ದು ನಾತವಿಲ್ಲದ ಕೀವು ಬಂದರೆ ಪ್ರಾಣಾಪಾಯ ಕಡಮೆ, ಶ್ರವಣನಷ್ಟ ಮಾತ್ರ ನಿಶ್ಚಯ. ತಮಟೆಯ ಮೇಲಂಚಿನಲ್ಲಿ ಚರ್ಮ ಒಳನುಗ್ಗಿ ಗಂಟಾಗಿ ಬೆಳೆದು ಸುತ್ತಲ ಮೂಳೆಯನ್ನು ಸವೆಸುವ ಬಗೆಯಲ್ಲಿ ಕೀವು ಅಲ್ಪ, ನಾತ ಬಹಳ. ಕಿರುಮೂಳೆಗಳ ಕೊಂಡಿ ಕಳಚಿದರೆ ನಷ್ಟ 50, 60 ಡೆಸಿಬೆಲ್ಲಿಗೇರುತ್ತದೆ, ಮುಂದೆ ಮುಖದ ನರಕ್ಕೆ ತಗುಲಿ ಬಾಯಿ ಸೊಟ್ಟಗಾಗಬಹುದು, ಮಿದುಳಿನಲ್ಲಿ ಕುರುವೇಳಬಹುದು. ಮಿದುಳಿಗೆ ಏರುವುದು ನಿಲ್ಲಿಸಿದ ಕೀವಲ್ಲ, ನಿಲ್ಲಿಸದೆ ಬಿಟ್ಟ ಕೀವು. ನಾರುವ ಕಿವಿಯನ್ನು ಒಂದು ದಿನವೂ ಉದಾಸೀನ ಮಾಡಲಾಗದು.

ಕಿವುಡಿನ ಬಗೆಯನ್ನು ಗುರುತಿಸಲು ವೈದ್ಯರಿಗೆ ಟ್ಯೂನಿಂಗ್ ಫೋರ್ಕ್ ಎನ್ನುವ ಒಂದು ಶ್ರುತಿಕವಲು ಸಾಕು. ಜರ್ಮನಿಯ ವೇಬರನೂ ರಿನ್ನೆಯೂ ಹತ್ತೊಂಬತ್ತನೆಯ ಶತಮಾನದಲ್ಲಿ ತೋರಿಸಿದ ಉಪಾಯ ಇಂದಿಗೂ ಆಸ್ಪತ್ರೆಗಳಲ್ಲಿ ನಡೆಯುತ್ತಿದೆ. ಅದರ ತತ್ತ್ವವನ್ನು ವಾಚಕರು ಈ ಕ್ಷಣವೇ ಕಂಡುಕೊಳ್ಳಬಹುದು. ಬಾಯಿ ಮುಚ್ಚಿ ‘ಮ್’ ಎಂದು ಒಂದೇ ಶ್ರುತಿಯಲ್ಲಿ ಗುನುಗುತ್ತ, ಒಂದು ಕಿವಿಗೆ ಬೆರಳಿಟ್ಟು ಮುಚ್ಚಿರಿ. ಸದ್ದು ಮುಚ್ಚಿದ ಕಿವಿಯ ಕಡೆಗೇ ವಾಲಿ ಅಲ್ಲಿ ದೊಡ್ಡದಾಗಿ ಕೇಳಿಸುತ್ತದೆ. ತಲೆಬುರುಡೆಯ ಮೂಳೆಯ ಮೂಲಕ ಬಂದ ಕಂಪನಕ್ಕೆ ಮಧ್ಯಕರ್ಣದ ಕಿರುಮೂಳೆಗಳ ಸೇತುವೆ ಬೇಕಾಗಿಲ್ಲ. ಆದ್ದರಿಂದ ನೆತ್ತಿಯ ಮೇಲೆ ಶ್ರುತಿಕವಲನ್ನಿಟ್ಟಾಗ ಸದ್ದು ಕೆಟ್ಟ ಕಿವಿಯತ್ತಲೇ ಸರಿದರೆ, ಕೆಟ್ಟಿರುವುದು ಸೇತುವೆ, ನರವಲ್ಲ. ಇದು ಶುಭವಾರ್ತೆ, ನರದ ಕಿವುಡನ್ನು ಬಹುಮಟ್ಟಿಗೆ ಹಿಂದಿರುಗಿಸಲಾಗದು, ಸೇತುವೆಯ ಕಿವುಡನ್ನು ಬಹುಮಟ್ಟಿಗೆ ಹಿಂದಿರುಗಿಸಬಹುದು.

ಹಿಂದಿರುಗಿಸುವ ಕ್ರಮವೂ ಅಸಾಧ್ಯವಾದುದಲ್ಲ. ಸೋರುವ ಕಿವಿಗೆ ಮೊದಲ ಚಿಕಿತ್ಸೆ ಒಣಗಿಸುವುದು: ಮೆತ್ತನೆಯ ಶುಚಿಯಾದ ಹತ್ತಿಬಟ್ಟೆಯ ತುಂಡೊಂದನ್ನು ಬತ್ತಿಯಾಗಿ ಹೊಸೆದು, ಕಿವಿಯ ಬಾಯಲ್ಲಿ ಮೆಲ್ಲನೆ ಇಟ್ಟು, ಒದ್ದೆಯಾದೊಡನೆ ತೆಗೆದು ಬಿಸಾಡಿ ಹೊಸದನ್ನಿಡುವುದು, ಬತ್ತಿ ಒಣಗಿಯೇ ಹೊರಬರುವವರೆಗೆ, ದಿನಕ್ಕೆ ಮೂರು ಬಾರಿ. ಅನಂತರವೇ ವೈದ್ಯರು ಕೊಟ್ಟ ತೊಟ್ಟಿನ ಔಷಧ, ಏಕೆಂದರೆ ಕೀವಿನ ಮೇಲೆ ಹಾಕಿದ ಔಷಧ ಕೀವಿನೊಡನೆಯೇ ಹೊರಬರುತ್ತದೆ. ಹೊಳೆಯಲ್ಲಿಯೂ ಕೆರೆಯಲ್ಲಿಯೂ ಮುಳುಗುವಂತಿಲ್ಲ. ನೋಯದೆ ನೀರು ತುಂಬಿದ ಕಿವಿಯನ್ನು ಮೂರು ತಿಂಗಳ ಕಾಲ ಕಾದು ನೋಡುವುದು ಪದ್ಧತಿ. ಬಹುತೇಕ ತಾನಾಗಿಯೇ ಬತ್ತುತ್ತದೆ. ಬತ್ತದಿದ್ದರೆ ತಮಟೆಯಲ್ಲಿ ಕಿರಿದಾದ ರಂಧ್ರ ಮಾಡಿ ನೀರನ್ನು ಹೀರಿ ತೆಗೆಯಬಹುದು. 1801ರಲ್ಲಿ ಲಂಡನ್ನಿನ ಆಸ್ಟ್ಲಿ ಕೂಪರ್ ಹೀಗೆ ತಮಟೆಯನ್ನು ಚುಚ್ಚಿ ಕೆಲವರಿಗೆ ಅಲ್ಲಿಯೇ ಶ್ರವಣ ಮರಳಿಸಿ ಕೀರ್ತಿ ಪಡೆದನಾದರೂ, ತೂತು ಬೇಗ ಕೂಡಿಕೊಂಡು ಕಿವುಡು ಮತ್ತೆ ಬಂತು. 1954ರಲ್ಲಿ ಅಮೆರಿಕದ ಆರ್ಮ್‌ಸ್ಟ್ರಾಂಗ್ ಎಂಬ ವೈದ್ಯ ಆ ರಂಧ್ರದಲ್ಲಿ ಪುಟ್ಟ ಪ್ಲಾಸ್ಟಿಕ್ ಕೊಳವೆಯನ್ನು ನಿಲ್ಲಿಸಿದ ಮೇಲೆ ಸಮಸ್ಯೆ ಬಗೆಹರಿಯಿತು. ಗ್ರಾಮೆಟ್ ಎನ್ನುವ ಆ ಕೊಳವೆ, ನಾಳ ಮಾಡಬೇಕಾದ ಕೆಲಸವನ್ನು ತಾನು ಮಾಡುತ್ತ ಕೆಲವು ತಿಂಗಳಿದ್ದು, ತಾನಾಗಿ ಉದುರಿಹೋಗುತ್ತದೆ. ಹಳೆಯ ತೂತಿಗೆ ಕಿವಿಯ ಮೇಲ್ಗಡೆಯ ಸ್ನಾಯುವಿನ ತೆಳುಹೊದಿಕೆಯನ್ನು ತೆಗೆದು ತೇಪೆ ಹಾಕುವ ಶಸ್ತ್ರಕ್ರಿಯೆ ಈಗ ನಮ್ಮ ದೊಡ್ಡಾಸ್ಪತ್ರೆಗಳಲ್ಲಿ ನಿತ್ಯದ ಮಾತು.

ಇದಕ್ಕೆಲ್ಲ ದೂರದೇಶಕ್ಕೆ ಹೋಗಬೇಕಾಗಿಲ್ಲ. ತೋಟದ ದೊರೆಗಳ ಕಾಲದ ಹೆಸರನ್ನು ಇಂದಿಗೂ ಹೊತ್ತಿರುವ ಸಕಲೇಶಪುರದ ಕ್ರಾಫರ್ಡ್ ಆಸ್ಪತ್ರೆಯುಂಟು. ಹಾಸನದಲ್ಲಿ 2006ರಿಂದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯುಂಟು. ಶ್ರವಣವನ್ನು ಅಳೆಯುವುದರಲ್ಲಿಯೂ ಮಾತು ಕಲಿಸುವುದರಲ್ಲಿಯೂ ದೇಶಕ್ಕೇ ಹಿರಿಯದಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ 1965ರಲ್ಲಿ ಸ್ಥಾಪಿತವಾದದ್ದು ಮೈಸೂರಿನ ಮಾನಸಗಂಗೋತ್ರಿಯಲ್ಲಿ. ಶಾಲೆಗಳಿಗೂ ಅಂಗನವಾಡಿಗಳಿಗೂ ಬಂದು ಮಕ್ಕಳನ್ನು ಪರೀಕ್ಷಿಸುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಕಿವಿಯ ಸೋಂಕೂ ಶ್ರವಣದೋಷವೂ 2013ರಿಂದ ಸೇರಿವೆ. ಕಿವಿಸೋಂಕಿನ ಮುಖ್ಯ ರೋಗಾಣುಗಳಲ್ಲೊಂದಾದ ನ್ಯೂಮೊಕಾಕಸಿಗೆ ಪ್ರತಿಯಾದ ಲಸಿಕೆ 2021ರಿಂದ ದೇಶದ ಎಲ್ಲೆಡೆ ಶಿಶುಗಳಿಗೆ ಉಚಿತ. ಸಾಧನಗಳಿವೆ, ಅವುಗಳ ಬಳಿಗೆ ಮಗುವನ್ನು ಕರೆದೊಯ್ಯುವವರು, ಅದಕ್ಕೆ ನೋವಿಲ್ಲದಿದ್ದಾಗಲೂ ಕರೆದೊಯ್ಯುವವರು ಬೇಕು.

ಹೀಗಾಗಿ ನನ್ನ ಅರಿಕೆ ಪ್ರಾಥಮಿಕ ಶಾಲೆಯ ಉಪಾಧ್ಯಾಯರಿಗೆ. ಮಳೆ ನಿಂತ ಯಾವುದಾದರೊಂದು ಬೆಳಗ್ಗೆ, ತರಗತಿ ನಿಶ್ಶಬ್ದವಾಗಿರುವಾಗ, ಒಂದೊಂದೇ ಮಗುವನ್ನು ಬೆನ್ನು ತಿರುಗಿಸಿ ನಿಲ್ಲಿಸಿ, ಒಂದು ಕಿವಿಯನ್ನು ಅದರ ಬೆರಳಿನಿಂದಲೇ ಮುಚ್ಚಿಸಿ, ಒಂದು ತೋಳಳತೆಯ ದೂರದಿಂದ ಪಿಸುದನಿಯಲ್ಲಿ ‘ಕತ್ತೆ’, ‘ಕಪ್ಪೆ’, ‘ಏಳು’, ‘ನಾಲ್ಕು’ ಎಂಬಂಥ ಮಾತುಗಳನ್ನು ಹೇಳಿ, ಅದರ ಬಾಯಿಂದ ಮರಳಿ ಹೇಳಿಸಿರಿ. ಅನಂತರ ಇನ್ನೊಂದು ಕಿವಿ. ತಪ್ಪಿದ ಮಕ್ಕಳ ಹೆಸರನ್ನು ಬರೆದಿಟ್ಟುಕೊಂಡು ಹದಿನೈದು ದಿನ ಬಿಟ್ಟು ಮತ್ತೊಮ್ಮೆ ಪರೀಕ್ಷಿಸಿರಿ. ಎರಡನೆಯ ಸಲವೂ ತಪ್ಪಿದವರನ್ನು ಮುಂದಿನ ಬೆಂಚಿಗೆ ಕೂರಿಸಿ, ತಾಯ್ತಂದೆಯರಿಗೆ ಹೇಳಿ, ತಾಲ್ಲೂಕಿನ ಆಸ್ಪತ್ರೆಗೆ ಕಳುಹಿಸಿಕೊಡಿ.